ಯುದ್ಧ ಕಂಡವರು ಹೇಳಿದಾಗ

ನಿವೃತ್ತ ಯೋಧರೊಬ್ಬರ ಸಂದರ್ಶನ ಪ್ರಸಾರವಾದ ವಾರ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಹೆಚ್ಚಾಗಿ ಪಿ.ಯು.ಸಿ. ಓದುವ ಹುಡುಗ ಹುಡುಗಿಯರು ಕೇಳುವುದು: "ಆ ತಾತ ಹೇಳಿದ್ದೆಲ್ಲಾ ನಿಜವೇ ಸಾರ್?" ಪ್ರಶ್ನೆಯಲ್ಲಿ ಕೊಂಕಿಲ್ಲ. ಇಸವಿ, ಕಾರಣ, ಪರಿಣಾಮ ಎಂದು ಯುದ್ಧವನ್ನು ಓದಿ ಬಂದ ನಿಮಗೆ, ಎದುರಿಗೆ ಕುಳಿತ ಒಬ್ಬ ಮನುಷ್ಯ "ಕೈ ಮರಗಟ್ಟಿ ಬಂದೂಕಿನ ಕುದುರೆ ಎಳೆಯಲಾಗಲಿಲ್ಲ" ಎಂದಾಗ, ಇದನ್ನು ಎಲ್ಲಿ ಬರೆದುಕೊಳ್ಳುವುದು, ಇತಿಹಾಸದ ನೋಟ್ಸಿನಲ್ಲೋ ಕತೆಯ ಪುಸ್ತಕದಲ್ಲೋ ಎಂಬ ಗೊಂದಲ ಸಹಜ.

ಇದು ನನ್ನ ಪ್ರಶ್ನೆಯೂ ಹೌದು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಸರಳ ಲೋಲಕದ ಪ್ರಯೋಗದಲ್ಲಿ ಮೂರು ಸಲ ಅಳತೆ ತೆಗೆದು ಸರಾಸರಿ ಬರೆಯದಿದ್ದರೆ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ವಾಪಸ್ಸು ಎಸೆಯುತ್ತಿದ್ದರು. ಆದರೆ ಕಾಳಗವನ್ನು ಮೂರು ಸಲ ನಡೆಸಿ ಸರಾಸರಿ ತೆಗೆಯಲು ಬಾರದು. ಅದು ಒಮ್ಮೆ ನಡೆಯುತ್ತದೆ. ಕಂಡವರಲ್ಲಿ ಹಲವರು ಅಲ್ಲೇ ಉಳಿಯುತ್ತಾರೆ. ಬದುಕಿ ಬಂದವರು ಹೇಳಿದ್ದಷ್ಟೇ ನಮಗೆ ದಕ್ಕುವುದು. ಅವರ ಮಾತನ್ನು ನಂಬದಿದ್ದರೆ ಏನಾಗುತ್ತದೆ, ಕೇಳದೆಯೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆ ಹೇಳುತ್ತೇನೆ. ಎರಡೂ ನಮ್ಮ ದೇಶದವೇ; ಒಂದಂತೂ ನಮ್ಮ ಕೊಡಗಿನವರದು.

ಕೊಡಗಿನ ಅಜ್ಜಮಾಡ ದೇವಯ್ಯನವರು ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. 1965ರ ಭಾರತ–ಪಾಕಿಸ್ತಾನ ಯುದ್ಧ ಆರಂಭವಾದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ಕಳುಹಿಸಲಾಗಿತ್ತು. ಸೆಪ್ಟೆಂಬರ್ 7ರ ಬೆಳಗಿನ ಜಾವ ಈ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ದೊಡ್ಡ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರು ಹೆಚ್ಚುವರಿಯಾಗಿ ಸಿದ್ಧವಿದ್ದವರು. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗಕ್ಕೆ ಹೋಗಬೇಕಾದವರು. ಅವರೂ ಹಾರಿದರು, ದಾಳಿಯಲ್ಲಿ ಸೇರಿಕೊಂಡರು. ಉಳಿದವರು ಮರಳಿ ಬಂದರು. ದೇವಯ್ಯನವರು ಬರಲಿಲ್ಲ.

ಅವರಿಗೇನಾಯಿತೆಂದು ಕಂಡವರು ನಮ್ಮ ಕಡೆ ಒಬ್ಬರೂ ಇರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಗಂಟೆಗೆ 900 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 250 ಮೀಟರ್. ನೀವು ಈ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ವಿಮಾನ ಒಂದು ಕಿಲೋಮೀಟರ್ ದಾಟಿರುತ್ತದೆ. ನೆಲಕ್ಕೆ ಅಂಟಿಕೊಂಡಂತೆ ಹಾರುತ್ತ, ಇಂಧನದ ಮುಳ್ಳಿನ ಮೇಲೆ ಕಣ್ಣಿಟ್ಟು ಮನೆ ಕಡೆ ತಿರುಗಿದ ಪೈಲಟ್ ಹಿಂದೆ ಬರುವವನನ್ನು ನೋಡಿಕೊಂಡಿರಲು ಸಾಧ್ಯವಿಲ್ಲ. ಕಡತದಲ್ಲಿ ದೇವಯ್ಯನವರ ಹೆಸರಿನ ಮುಂದೆ 'ಕಾಣೆಯಾದವರು' ಎಂದು ಬರೆಯಲಾಯಿತು. ಮುಂದೆ ಮೃತರೆಂದು ತೀರ್ಮಾನಿಸಲಾಯಿತು. ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದರೆ ಕಡತದ ಮಟ್ಟಿಗೆ. ಕೊಡಗಿನಲ್ಲಿದ್ದ ಮನೆಯವರಿಗೆ ಹಾಗೆ ಮುಗಿಯುವುದುಂಟೇ?

ಹದಿನಾಲ್ಕು ವರ್ಷಗಳ ನಂತರ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಪತ್ರಕರ್ತ 1965ರ ವೈಮಾನಿಕ ಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದು ಪಾಕಿಸ್ತಾನದ ವಾಯುಪಡೆಯ ದೃಷ್ಟಿಯಿಂದ ಬರೆದ ಪುಸ್ತಕ, ಅಲ್ಲಿನ ಪೈಲಟ್ಟುಗಳು ಹೇಳಿದ್ದನ್ನು ಆಧರಿಸಿದ್ದು. ಅದರಲ್ಲಿ ಅಮ್ಜದ್ ಹುಸೇನ್ ಎಂಬ ಫ್ಲೈಟ್ ಲೆಫ್ಟಿನೆಂಟಿನ ಅನುಭವ ಇತ್ತು. ಸೆಪ್ಟೆಂಬರ್ 7ರ ಆ ಬೆಳಿಗ್ಗೆ ಆತ ಎಫ್-104 ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟೇರನ್ನು ಬೆನ್ನಟ್ಟಿದ, ಅದಕ್ಕೆ ಗುಂಡು ಹೊಡೆದ. ಏಟು ತಿಂದ ಮಿಸ್ಟೇರ್ ಓಡಿಹೋಗಲಿಲ್ಲ. ತಿರುಗಿ ಬಿತ್ತು. ಅದರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರಿಗೆ ತಗುಲಿ, ಅಮ್ಜದ್ ಹುಸೇನ್ ವಿಮಾನದಿಂದ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಟಾರ್‌ಫೈಟರ್ ಅಮೆರಿಕದಲ್ಲಿ ತಯಾರಾದದ್ದು, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಫ್ರಾನ್ಸಿನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಓಟದ ಪಂದ್ಯವಾದರೆ ಇಬ್ಬರಿಗೂ ಸಾಟಿಯೇ ಇಲ್ಲ. ಆದರೆ ಸ್ಟಾರ್‌ಫೈಟರಿನ ರೆಕ್ಕೆ ತೀರ ಚಿಕ್ಕದು, ತೆಳುವಾದದ್ದು. ರೆಕ್ಕೆಯ ಪ್ರತಿ ಚದರಡಿ ಹೊರಬೇಕಾದ ತೂಕ ಹೆಚ್ಚಾದಷ್ಟೂ ವಿಮಾನಕ್ಕೆ ತಿರುವು ತೆಗೆದುಕೊಳ್ಳಲು ದೊಡ್ಡ ಸುತ್ತು ಬೇಕು. ಕೆಳಮಟ್ಟದಲ್ಲಿ, ವೇಗ ತಗ್ಗಿಸಿ ಸುತ್ತಾಡುವ ಜಗಳಕ್ಕೆ ಎಳೆದರೆ ನಿಧಾನದ ಮಿಸ್ಟೇರಿಗೇ ಅನುಕೂಲ. ಆದ್ದರಿಂದ ಅಮ್ಜದ್ ಹುಸೇನನ ಮಾತು ಭೌತಶಾಸ್ತ್ರಕ್ಕೆ ವಿರೋಧವಾಗಿಲ್ಲ. ಮತ್ತೊಂದು ಮಾತೂ ಇದೆ. ತಾನು ಸೋತ ಕತೆಯನ್ನು, ಅದೂ ತನಗಿಂತ ಹಳೆಯ ವಿಮಾನದೆದುರು ಸೋತದ್ದನ್ನು, ಯಾವ ಸೈನಿಕನೂ ಕಟ್ಟಿ ಹೇಳುವುದಿಲ್ಲ.

ಉಳಿದದ್ದು ಲೆಕ್ಕಾಚಾರ. ಆ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ. ಹಾಗಾದರೆ ತಿರುಗಿ ಬಿದ್ದವರು ದೇವಯ್ಯನವರೇ. ಅವರು ಆ ಕಾಳಗದಲ್ಲಿ ತೀರಿಕೊಂಡರು. ದೇಹ ಅಲ್ಲಿನ ಹೊಲದಲ್ಲಿ ಸಿಕ್ಕಿ ಹಳ್ಳಿಯವರು ಮಣ್ಣು ಮಾಡಿದರೆಂಬ ವಿವರವೂ ಆ ಕಡೆಯಿಂದಲೇ ಬಂತು. ತನೇಜಾ ಅವರು ಬಿಡದೆ ಪ್ರಯತ್ನಿಸಿದರು. 1988ರಲ್ಲಿ, ಘಟನೆ ನಡೆದ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಇದರಲ್ಲಿ ನನ್ನನ್ನು ಕಾಡುವ ಒಂದು ವಿಷಯ ಬೇರೆಯೇ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ನಮ್ಮ ನೆಲದ ಫಿರಂಗಿಗಳ ಹೊಡೆತಕ್ಕೆ ಸಿಕ್ಕಿ ಸೆರೆಯಾಗಿ ಭಾರತದಲ್ಲೇ ಇದ್ದ. ಆಗಲೇ ಈ ಮಾತು ಹೊರಬಿದ್ದಿದ್ದರೆ ಉತ್ತರ ಎಂಟು ವರ್ಷ ಮೊದಲೇ ಸಿಕ್ಕುತ್ತಿತ್ತು. ಆದರೆ 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿ ತನ್ನ ಹೆಸರು, ದರ್ಜೆ, ಹುಟ್ಟಿದ ದಿನ, ಸೇನೆಯ ಸಂಖ್ಯೆ ಇಷ್ಟನ್ನು ಬಿಟ್ಟು ಬೇರೇನೂ ಹೇಳಬೇಕಾಗಿಲ್ಲ. ಶತ್ರುವಿನ ಸೆರೆಯಲ್ಲಿ ಹೇಳಬೇಕಾಗಿರದಿದ್ದ ಮಾತನ್ನು ಆತ ಒಬ್ಬ ಪುಸ್ತಕ ಬರೆಯುವವನ ಎದುರು ಹೇಳಿದ. ಯೋಧರು ಬಾಯಿಬಿಡುವುದಕ್ಕೂ ಒಂದು ಹೊತ್ತು, ಒಂದು ಜಾಗ ಬೇಕು.

(ಈ ಘಟನೆಯನ್ನು ಆಧರಿಸಿದ ಹಿಂದಿ ಚಲನಚಿತ್ರವೊಂದು 2025ರಲ್ಲಿ ಬಂತು. ನೀವು ನೋಡಿರಬಹುದು. ಅದರಲ್ಲಿ ಹೆಸರುಗಳು ಬದಲಾಗಿವೆ, ಕತೆಗೆ ಬೇಕಾದದ್ದೂ ಸೇರಿದೆ. ನೋಡಿ ಸಂತೋಷಪಡಿ, ಪರೀಕ್ಷೆಯಲ್ಲಿ ಬರೆಯಬೇಡಿ.)

ಇನ್ನು ಎರಡನೆಯ ಘಟನೆ. ಇದು ಮೂರು ವರ್ಷ ಹಿಂದಿನದು, ಚೀನಾ ಯುದ್ಧದ ಕಾಲದ್ದು. ಲಡಾಖಿನ ಚುಶೂಲ್ ಬಳಿ ರೆಜಾಂಗ್ ಲಾ ಎಂಬ ಕಣಿವೆದಾರಿ ಇದೆ, 16,000 ಅಡಿಗೂ ಎತ್ತರದಲ್ಲಿ. 'ಲಾ' ಎಂದರೆ ಅಲ್ಲಿನ ಭಾಷೆಯಲ್ಲಿ ಘಟ್ಟದ ದಾರಿ. ಅದನ್ನು ಕಾಯುತ್ತಿದ್ದುದು 13ನೇ ಕುಮಾವೂ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಹೆಚ್ಚಿನವರು ಇಂದಿನ ಹರಿಯಾಣದ ಕಡೆಯ ಹಳ್ಳಿಗಳ ಅಹೀರರು, ಅಂದರೆ ದನ ಸಾಕಣೆ, ಬೇಸಾಯದ ಮನೆಗಳವರು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರು. ಅವರ ನಾಯಕ ರಾಜಸ್ಥಾನದ ಮೇಜರ್ ಶೈತಾನ್ ಸಿಂಗ್. ಅವರ ಕೈಯಲ್ಲಿದ್ದದ್ದು ಒಂದೊಂದೇ ಗುಂಡು ಹಾರಿಸುವ .303 ಬಂದೂಕು. ನಮ್ಮ ದೊಡ್ಡ ಫಿರಂಗಿಗಳ ನೆರವು ಅವರಿಗೆ ಸಿಗುವಂತಿರಲಿಲ್ಲ. ನಡುವೆ ಬೆಟ್ಟದ ಏಣು ಅಡ್ಡ ನಿಂತು, ಹಾರಿಸಿದ ಗುಂಡು ಆಚೆ ಇಳಿಯಬೇಕಾದ ಜಾಗಕ್ಕೆ ಇಳಿಯುತ್ತಿರಲಿಲ್ಲ.

1962ರ ನವೆಂಬರ್ 18ರ ಬೆಳಗಿನ ಜಾವ ಚೀನೀ ಸೈನಿಕರು ಅಲೆ ಅಲೆಯಾಗಿ ಮೇಲೇರಿ ಬಂದರು. ಕಂಪನಿಯ 110ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಗಾಯಗೊಂಡ ಮೇಜರರನ್ನು ಹೊತ್ತು ತರುತ್ತಿದ್ದ ರಾಮಚಂದರ್ ಯಾದವ್ ಎಂಬ ಸೈನಿಕ ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿದ್ದುಂಟು: ತನ್ನನ್ನು ಬಿಟ್ಟು ಹೋಗಿ ಕಂಪನಿ ಹೇಗೆ ಹೋರಾಡಿತೆಂದು ಬೆಟಾಲಿಯನ್ನಿಗೆ ತಿಳಿಸಬೇಕೆಂದು ಮೇಜರರು ಆಜ್ಞೆ ಮಾಡಿದರಂತೆ. ಗಮನಿಸಿ, ಸಾಯುತ್ತಿದ್ದ ಆ ಅಧಿಕಾರಿ ಕೊಟ್ಟ ಕೊನೆಯ ಕೆಲಸ ಹೋರಾಡುವುದಲ್ಲ, ಹೋಗಿ ಹೇಳುವುದು.

ಹೇಳಿದಾಗ ಏನಾಯಿತು? ಬದುಕಿ ಬಂದ ಬೆರಳೆಣಿಕೆಯ ಜನರ ಮಾತನ್ನು ಹಲವರು ನಂಬಲಿಲ್ಲ. ಆ ದಿನಗಳ ಮನಸ್ಥಿತಿಯನ್ನು ನೆನಪಿಡಬೇಕು. ಎಲ್ಲ ಕಡೆಯಿಂದ ಸೋಲಿನ, ಹಿಂದೆ ಸರಿದ ಸುದ್ದಿಗಳೇ ಬರುತ್ತಿದ್ದವು. ಅಂಥದರಲ್ಲಿ ಒಂದು ಕಂಪನಿ ಕೊನೆಯ ಗುಂಡಿನವರೆಗೂ ನಿಂತಿತು ಎಂದರೆ, ಓಡಿಬಂದವರು ಕತೆ ಕಟ್ಟುತ್ತಿದ್ದಾರೆ ಎಂಬ ಅನುಮಾನ ಬಂತು. ಬದುಕಿದ್ದೇ ಅವರ ಮೇಲಿನ ಆರೋಪವಾಯಿತು. ಕಣಿವೆಗೆ ಹೋಗಿ ನೋಡೋಣವೆಂದರೆ ಹಿಮ.

1963ರ ಫೆಬ್ರವರಿಯಲ್ಲಿ ಕುರಿಗಾಹಿಯೊಬ್ಬ ಆ ಕಡೆ ಅಲೆಯುತ್ತ ಹೋಗಿ ಕಂಡದ್ದನ್ನು ಬಂದು ತಿಳಿಸಿದ. ಶೋಧನೆಗೆ ತಂಡ ಹೋಯಿತು. ಮೂರು ತಿಂಗಳ ಚಳಿ ಎಲ್ಲವನ್ನೂ ಇದ್ದ ಹಾಗೆಯೇ ಹೆಪ್ಪುಗಟ್ಟಿಸಿತ್ತು. ಸೈನಿಕರು ತಮ್ಮ ಕಂದಕಗಳಲ್ಲೇ ಇದ್ದರು. ಕೈಯಲ್ಲಿ ಬಂದೂಕು ಹಿಡಿದೇ ಇದ್ದವರಿದ್ದರು. ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ವೈದ್ಯಕೀಯ ಸಹಾಯಕನ ಕೈಯಲ್ಲಿ ಸೂಜಿಮದ್ದಿನ ಸಿರಿಂಜು ಹಾಗೇ ಇತ್ತು. ಕಂಪನಿಯ ಬಳಿ ಇದ್ದ ಸಾವಿರ ಮಾರ್ಟರ್ ಗುಂಡುಗಳಲ್ಲಿ ಏಳು ಮಾತ್ರ ಉಳಿದಿದ್ದವೆಂದು ದಾಖಲಾಗಿದೆ. ಬದುಕಿ ಬಂದವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಶೈತಾನ್ ಸಿಂಗರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಚುಶೂಲಿನಲ್ಲಿ ಸ್ಮಾರಕ ಎದ್ದಿತು. ಅದನ್ನು ನವೀಕರಿಸಿ 2021ರ ನವೆಂಬರ್ 18ರಂದು ಮತ್ತೆ ಅರ್ಪಿಸಲಾಯಿತು.

ಹಿಮ ಸಾಕ್ಷಿ ಹೇಳಿತು, ಸರಿ. ಅದೇ ಕಾಳಗ ಮಳೆ ಸುರಿಯುವ ಕಾಡಿನಲ್ಲಿ ನಡೆದಿದ್ದರೆ? ಮೂರು ತಿಂಗಳಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಗ ಆ ಕೆಲವರು ಸಾಯುವವರೆಗೂ ಸುಳ್ಳುಗಾರರೆಂಬ ಹೆಸರು ಹೊತ್ತೇ ಇರಬೇಕಾಗುತ್ತಿತ್ತು.

ಅದೇ ಯುದ್ಧದಲ್ಲಿ ಪೂರ್ವದ ಗಡಿಯ ನಾಮ್ಕಾ ಚೂ ನದಿಯ ದಡದಲ್ಲಿ ಏಳನೇ ಬ್ರಿಗೇಡನ್ನು ನಡೆಸುತ್ತಿದ್ದವರು ಬ್ರಿಗೇಡಿಯರ್ ಜಾನ್ ದಳವಿ. ಚೀನೀಯರಿಗೆ ಸೆರೆಯಾಗಿ, 1963ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದ ಅವರು 1969ರಲ್ಲಿ 'ಹಿಮಾಲಯನ್ ಬ್ಲಂಡರ್' ಪ್ರಕಟಿಸಿದರು. ರವಿ ಬೆಳಗೆರೆಯವರ ಅನುವಾದದಿಂದ ಅದು ಕನ್ನಡದ ಮನೆ ಮನೆಗೂ ಪರಿಚಯವಾದ ಪುಸ್ತಕ. ಸೋಲಿನ ಕಾರಣಗಳನ್ನು ಹುಡುಕಲು ಸೇನೆ ನೇಮಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ಸಮಿತಿಯ ವರದಿ 1963ರಲ್ಲೇ ಸಿದ್ಧವಾದರೂ ಸರ್ಕಾರ ಅದನ್ನು ಪ್ರಕಟಿಸಲಿಲ್ಲ. 2014ರಲ್ಲಿ ಒಂದು ಭಾಗವನ್ನು ವಿದೇಶಿ ಪತ್ರಕರ್ತರೊಬ್ಬರು ಹೊರಗೆ ತಂದರು. ಕಡತಗಳು ಬೀರುವಿನಲ್ಲಿದ್ದಾಗ ಅಲ್ಲಿದ್ದವರ ಮಾತಿಗೆ ಬೆಲೆ ಹೆಚ್ಚುತ್ತದೆ. ಆದರೆ ದಳವಿಯವರ ಪುಸ್ತಕ ಓದುವಾಗ ಒಂದು ಎಚ್ಚರ ಬೇಕು. ಅವರು ನೊಂದವರು, ತಮ್ಮ ಸೈನಿಕರ ಪರವಾಗಿ ವಾದ ಮಂಡಿಸುತ್ತಿರುವವರು. ಅವರು ಕಂಡದ್ದಕ್ಕೂ ಅವರು ತೀರ್ಪು ಕೊಟ್ಟದ್ದಕ್ಕೂ ನಡುವೆ ಗೆರೆ ಎಳೆದುಕೊಂಡು ಓದಬೇಕು.

ಹಾಗಾದರೆ ನೆನಪು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ? ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಒಂದು ಪುಸ್ತಕದಲ್ಲಿ ತಮ್ಮ ಪ್ರಯೋಗಗಳನ್ನು ವಿವರಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಓದಿಸಿ, ಬೇರೆ ಬೇರೆ ಅವಧಿಯ ನಂತರ ಮತ್ತೆ ಮತ್ತೆ ಬರೆಯಿಸಿದರು. ಕತೆಯಲ್ಲಿದ್ದ ಅವರ ನಾಡಿನ ತೋಡುದೋಣಿ ಇಂಗ್ಲೆಂಡಿನವರ ಕೈಯಲ್ಲಿ ಸಾಮಾನ್ಯ ದೋಣಿಯಾಯಿತು, ಸೀಲ್ ಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು, ಅರ್ಥವಾಗದ ತುಣುಕುಗಳು ಉದುರಿಹೋದವು. ನೆನಪೆಂದರೆ ಒಳಗೆ ಇಟ್ಟ ಟೇಪನ್ನು ಮತ್ತೆ ಹಾಕುವುದಲ್ಲ. ಪ್ರತಿ ಸಲವೂ ಹೊಸದಾಗಿ ಕಟ್ಟುವುದು. ನಾವು ಟೆಲಿವಿಷನ್ನಿನವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತೇವೆ, ಏಕೆಂದರೆ ಸಂಕಲನದ ಕೋಣೆಯಲ್ಲಿ ನಾವೂ ಮಾಡುವುದು ಅದನ್ನೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ನೆಲಬಾಂಬು ತೆಗೆಯುವ ಕೆಲಸ ಮಾಡಿದ ಒಬ್ಬ ನಿವೃತ್ತ ಹವಾಲ್ದಾರರ ಸಂದರ್ಶನ ಮಾಡಿದೆ. ಹಾಸನದ ಕಡೆಯವರು, ಎಪ್ಪತ್ತು ದಾಟಿದ ಯಜಮಾನರು. ಕತ್ತಲಲ್ಲಿ ಹೊಟ್ಟೆಯ ಮೇಲೆ ಮಲಗಿ, ಚೂಪು ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲಗೆ ಚುಚ್ಚುತ್ತ ಹುಡುಕಬೇಕು. ನೇರವಾಗಿ ಚುಚ್ಚಿದರೆ ಬಾಂಬಿನ ಮೇಲ್ಭಾಗ ಒತ್ತಿಬಿಡುತ್ತದೆ. ಸಿಕ್ಕಿದ್ದನ್ನು ನಿಷ್ಕ್ರಿಯಗೊಳಿಸಿ, ಹಿಂದೆ ಬರುವ ಟ್ಯಾಂಕುಗಳಿಗಾಗಿ ಬಿಳಿ ಪಟ್ಟಿ ಹಾಸಿ ದಾರಿ ಗುರುತಿಸಬೇಕು. ಇದನ್ನೆಲ್ಲ ಅವರು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಸ್ಟುಡಿಯೋದ ನೆಲದ ಮೇಲೆ ಮಲಗಿ ತೋರಿಸಲೂ ಎದ್ದರು. ಮೊಮ್ಮಗಳು ಬೇಡ ತಾತ ಎಂದು ತಡೆದಳು.

ಮಾತಿನ ಮೊದಲಿಗೆ ಅವರು "ನಾವು ಮೂರು ಜನ ಇದ್ವಿ" ಎಂದರು. ಅರ್ಧ ಗಂಟೆಯ ನಂತರ "ನಾವು ನಾಲ್ಕು ಜನ" ಎಂದರು. ನಾನು ಬರೆದುಕೊಂಡೆ. ಸಂಕಲನಕ್ಕೆ ಕುಳಿತಾಗ ಪ್ರಯೋಗಾಲಯದ ಬುದ್ಧಿ ಎಚ್ಚರವಾಯಿತು: ಎರಡು ಅಳತೆ, ಎರಡು ಉತ್ತರ. ವೀಕ್ಷಕರಿಗೆ ಅನುಮಾನ ಬಂದೀತು, ತಾತನಿಗೆ ಮರೆವು ಎಂದುಕೊಂಡಾರು ಎಂದು ಎರಡನೆಯ ಭಾಗವನ್ನೇ ಕತ್ತರಿಸಿದೆ. ಅವರ ಮಾನ ಕಾಪಾಡುತ್ತಿದ್ದೇನೆ ಎಂದೇ ನನ್ನ ಭಾವನೆ.

ಪ್ರಸಾರವಾದ ಮರುದಿನ ಫೋನು ಬಂತು. ಸಿಟ್ಟಿರಲಿಲ್ಲ. "ಚೆನ್ನಾಗಿ ಬಂತು ಸಾರ್. ನಾಲ್ಕನೆಯವನ ಮಾತು ತೆಗೆದುಬಿಟ್ರಲ್ಲ" ಎಂದರು. ನಾನು ಸಮಜಾಯಿಷಿ ಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೊರಟಾಗ ನಾಲ್ಕು ಜನ. ದಾರಿ ಮುಗಿದಾಗ ಮೂರು ಜನ. ಅವನನ್ನ ಎಣಿಸಬೇಕೋ ಬೇಡವೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ ಸಾರ್. ಅದಕ್ಕೇ ಒಂದೊಂದ್ಸಲ ಒಂದೊಂದು ಬರುತ್ತೆ."

ಮರುಪ್ರಸಾರದಲ್ಲಾದರೂ ಸೇರಿಸೋಣವೆಂದು ಹುಡುಕಿದೆ. ಕತ್ತರಿಸಿದ ಭಾಗವನ್ನು ಅಳಿಸಿ ಆ ಕಾರ್ಡಿನಲ್ಲಿ ಬೇರೆ ಚಿತ್ರೀಕರಣವಾಗಿತ್ತು. ಹಾಗೆ ಅಳಿಸಲು ಒಪ್ಪಿಗೆ ಕೊಟ್ಟವನು ನಾನೇ. ಇನ್ನೊಮ್ಮೆ ಬಂದು ಅದನ್ನೇ ಹೇಳಿ ಎಂದು ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿಮ್ಮ ಊರಿನಲ್ಲೂ ಸೈನ್ಯದಿಂದ ಬಂದವರು ಇದ್ದೇ ಇರುತ್ತಾರೆ. ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ ಮನೆಗೊಬ್ಬರಂತೆ ಸಿಗುವ ಊರುಗಳೂ ಉಂಟು. ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋಗಿ ಕುಳಿತುಕೊಳ್ಳಿ. ನೀವು ಎಷ್ಟು ಜನರನ್ನು ಕೊಂದಿರಿ ಎಂದು ದಯವಿಟ್ಟು ಕೇಳಬೇಡಿ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಅವರು ಬಾಯಿ ಮುಚ್ಚಿಕೊಳ್ಳುವುದೂ ಅದಕ್ಕೇ. ಊಟಕ್ಕೆ ಏನಿತ್ತು, ಬೂಟಿನೊಳಗೆ ನೀರು ಹೋದರೆ ಏನು ಮಾಡುತ್ತಿದ್ದಿರಿ, ಊರಿನ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಪಕ್ಕದಲ್ಲಿ ಯಾರು ಮಲಗುತ್ತಿದ್ದರು ಎಂದು ಕೇಳಿ. ಪಕ್ಕದಲ್ಲಿ ಮಲಗುತ್ತಿದ್ದವನ ಹೆಸರು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ದಿನಾಂಕ, ಜಾಗ, ಯಾರು ಯಾರಿದ್ದರು ಎಂದು ಪಕ್ಕದಲ್ಲಿ ಬರೆದಿಡಿ. ಪುಸ್ತಕದೊಂದಿಗೆ ಹೋಲಿಸುವ ಕೆಲಸ ಮನೆಗೆ ಬಂದ ಮೇಲೆ ಇರಲಿ, ಅವರೆದುರು ಬೇಡ. ಎರಡು ಕಡೆ ಎರಡು ಲೆಕ್ಕ ಬಂದರೆ ಎರಡನ್ನೂ ಬರೆಯಿರಿ. ಮತ್ತೆ ಅಳಿಸಬೇಡಿ.